ಅಜ್ಜಿಯ ಗೂಡಿನಲ್ಲಿದ್ದ ಮೂರು ಪೊಟ್ಟಣ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ,



ನಾನೂ ನಿಮ್ಮವಳೇ. 29 ವರ್ಷ ಸೀಮೆಸುಣ್ಣ ಹಿಡಿದು, ನಿವೃತ್ತಳಾಗಿ, ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಹುಟ್ಟಿ ಬೆಳೆದದ್ದು ಕಪಿಲಾ ನದಿಯ ಬಯಲಿನ ಒಂದು ಹಳ್ಳಿಯಲ್ಲಿ. ಬಹಳ ದಿನದಿಂದ ಮನಸ್ಸಿನಲ್ಲಿರುವ ಒಂದು ಮಾತನ್ನು ನಿಮ್ಮೆಲ್ಲರಿಗೂ ಒಟ್ಟಿಗೆ ಹೇಳಬೇಕೆಂದು ಈ ಕಾಗದ ಬರೆಯುತ್ತಿದ್ದೇನೆ.

ನಮ್ಮಜ್ಜಿಯ ಮನೆಯ ನಡುಮನೆ ಗೋಡೆಯಲ್ಲಿ ದೀಪ ಇಡುವ ಗೂಡೊಂದಿತ್ತು. ದೀಪದ ಹಿಂದೆ ಹೊಗೆ ಹಿಡಿದ ಮೂಲೆಯಲ್ಲಿ ಮೂರು ಕಾಗದದ ಪೊಟ್ಟಣಗಳು ಯಾವಾಗಲೂ ಇರುತ್ತಿದ್ದವು. ಒಂದರಲ್ಲಿ ನಂಜುಂಡೇಶ್ವರನ ವಿಭೂತಿ. ಇನ್ನೊಂದರಲ್ಲಿ ಚಿಕ್ಕಲ್ಲೂರು ಜಾತ್ರೆಗೆ ಹೋದವರು ತಂದುಕೊಟ್ಟ ಸಿದ್ದಪ್ಪಾಜಿಯ ಕಪ್ಪು ಧೂಳ್ತ. ಮೂರನೆಯದರಲ್ಲಿ ದರ್ಗಾದ ಬೂದಿ, ಲೋಬಾನ ಉರಿದು ಉಳಿದದ್ದು. ಮನೆಯಲ್ಲಿ ಯಾವ ಮಗುವಿಗೆ ಮೈ ಬೆಚ್ಚಗಾದರೂ ಅಜ್ಜಿ ಮೂರರಿಂದಲೂ ಒಂದೊಂದು ಚಿಟಿಕೆ ತೆಗೆದು ಹಣೆಗೆ, ಎದೆಗೆ, ಅಂಗಾಲಿಗೆ ಹಚ್ಚುತ್ತಿದ್ದಳು. ಯಾವುದನ್ನು ಮೊದಲು ಹಚ್ಚಬೇಕು ಎಂಬ ಪ್ರಶ್ನೆ ಅವಳಿಗೆ ಬಂದದ್ದನ್ನು ನಾನು ಕಾಣಲಿಲ್ಲ. ಕೈಗೆ ಮೊದಲು ಸಿಕ್ಕಿದ್ದು ಮೊದಲು.

ನಮ್ಮ ಜಿಲ್ಲೆಯಲ್ಲಿ ಸೂಫಿ ಸಂತರ ಬಗ್ಗೆ, ದರ್ಗಾಗಳ ಬಗ್ಗೆ ಒಂದು ಗ್ಯಾಲರಿ ಆಗಬೇಕು ಎಂಬುದು ನನ್ನ ಆಸೆ. ಆದರೆ ಮೊದಲ ಮನವಿಯನ್ನು ಸರ್ಕಾರಕ್ಕಾಗಲಿ ವಿಶ್ವವಿದ್ಯಾನಿಲಯಕ್ಕಾಗಲಿ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಕಟ್ಟಡ, ಗಾಜಿನ ಪೆಟ್ಟಿಗೆ, ದೀಪ, ಇವುಗಳನ್ನು ಯಾರು ಬೇಕಾದರೂ ಮುಂದೊಂದು ದಿನ ಕೊಟ್ಟಾರು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತು ಸಂಗ್ರಹಾಲಯದಂಥ ಹೆಸರುವಾಸಿ ಮನೆ ಕಟ್ಟಿದ ಊರು ಮೈಸೂರು. ಒಂದು ಕೋಣೆ ಹುಟ್ಟುವುದು ದೊಡ್ಡ ಮಾತಲ್ಲ. ಆದರೆ ಆ ಕೋಣೆಯೊಳಗೆ ಇಡಬೇಕಾದ ವಿಷಯ ಇವತ್ತು ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಬಾಯಲ್ಲಿದೆ. ಅವರ ಮೊಮ್ಮಕ್ಕಳು ನಿಮ್ಮ ತರಗತಿಯಲ್ಲಿ ಕೂತಿದ್ದಾರೆ. ನಡುವೆ ಇರುವ ಸೇತುವೆ ನೀವೊಬ್ಬರೇ.

ಸೂಫಿ ಎಂದರೆ ಈಗಿನ ಮಕ್ಕಳಿಗೆ ಏನು ಹೊಳೆಯುತ್ತದೆ, ಕೇಳಿ ನೋಡಿ. ಸಿನಿಮಾದ ಖವ್ವಾಲಿ, ಬಿಳಿ ನಿಲುವಂಗಿ ತೊಟ್ಟು ಗಿರಗಿರನೆ ತಿರುಗುವ ತುರ್ಕಿಯ ದರ್ವೇಶಿಗಳು. ಮೊಬೈಲು ಕಲಿಸಿದ ಪಾಠ ಅದು. ಪಠ್ಯಪುಸ್ತಕ ಓದಿದ ಮಗುವಾದರೆ ಕಲಬುರಗಿಯ ಬಂದೇನವಾಜ್ ಎನ್ನಬಹುದು. ತಪ್ಪೇನಿಲ್ಲ. ದೆಹಲಿಯಿಂದ ಹೊರಟು ಇಳಿವಯಸ್ಸಿನಲ್ಲಿ ಕಲಬುರಗಿಗೆ ಬಂದು, ಬಹಮನಿ ಫಿರೋಜ್‌ಶಾಹನ ಕಾಲದಲ್ಲಿ ಅಲ್ಲಿ ನೆಲೆ ನಿಂತು, 1422ರಲ್ಲಿ ತೀರಿಕೊಂಡ ಆ ಮಹನೀಯರ ಹೆಸರಿಲ್ಲದೆ ಕರ್ನಾಟಕದ ಸೂಫಿಗಳ ಕತೆ ಶುರುವಾಗುವುದಿಲ್ಲ. ಬಿಜಾಪುರದ ಸೂಫಿಗಳ ಬಗ್ಗೆ ರಿಚರ್ಡ್ ಈಟನ್ 1978ರಲ್ಲೇ ದೊಡ್ಡ ಪುಸ್ತಕ ಬರೆದರು. ಕನ್ನಡದಲ್ಲಿ ರಹಮತ್ ತರೀಕೆರೆಯವರು ಊರೂರು ಅಲೆದು 'ಕರ್ನಾಟಕದ ಸೂಫಿಗಳು' ಬರೆದುಕೊಟ್ಟಿದ್ದಾರೆ; ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಇನ್ನೂ ಬಂದಿಲ್ಲವಾದರೆ ತರಿಸಿಕೊಳ್ಳಿ. ಆದರೆ ಇದೆಲ್ಲ ಕೃಷ್ಣಾ, ಭೀಮಾ ತೀರದ ಕತೆ ಎಂದುಕೊಂಡು ಕಪಿಲಾ ಕಾವೇರಿ ತೀರದ ನಾವು ಸುಮ್ಮನಿದ್ದುಬಿಟ್ಟಿದ್ದೇವೆ. ನಮ್ಮ ಕಡೆಯದ್ದು ಎನ್ನುವುದೇನಾದರೂ ಇದೆಯೇ ಎಂದರೆ, ನಂಜನಗೂಡಿನ ಯಾವ ಮಗುವನ್ನು ಕೇಳಿದರೂ ಅದರ ಬಾಯಲ್ಲೇ ಉತ್ತರ ಇದೆ. ಅದು ಸೂಫಿ ಕತೆಯ ಪಕ್ಕದ ಮನೆಯ ಕತೆ ಎಂದು ಯಾರೂ ಅದಕ್ಕೆ ಹೇಳಿಲ್ಲ, ಅಷ್ಟೆ.

ಹಕೀಮ್ ನಂಜುಂಡ. ಅರಮನೆಯ ಆನೆಗೆ ಕಣ್ಣು ಕಾಣದಾಗಿ, ಶ್ರೀಕಂಠೇಶ್ವರನಿಗೆ ಹರಕೆ ಹೊತ್ತ ಮೇಲೆ ವಾಸಿಯಾಗಿ, ಟಿಪ್ಪು ಸುಲ್ತಾನ ಆ ದೇವರನ್ನು ಹಕೀಮ ಎಂದು ಕರೆದ ಕತೆ ನಿಮಗೆ ನಾನು ಹೇಳಬೇಕಿಲ್ಲ. ಕೆಲವರ ಬಾಯಲ್ಲಿ ಅದು ಹೈದರಾಲಿಯ ಆನೆ, ಹೆಚ್ಚಿನವರ ಬಾಯಲ್ಲಿ ಟಿಪ್ಪುವಿನ ಆನೆ. ಆನೆಯ ಕಣ್ಣಿನ ಮಾತು ಐತಿಹ್ಯ. ಟಿಪ್ಪು ಕೊಟ್ಟನೆನ್ನುವ ಪಚ್ಚೆ ಬಣ್ಣದ ಲಿಂಗ ಮಾತ್ರ ಕಣ್ಣಿಗೆ ಕಾಣುವಂತೆ ದೇವಸ್ಥಾನದಲ್ಲಿದೆ. ಜನ ಅದನ್ನು ಪಾದಷಾ ಲಿಂಗ ಎನ್ನುತ್ತಾರೆ. ಅದೇ ತಾಲ್ಲೂಕಿನ ಕಳಲೆಯಲ್ಲಿ, ದಳವಾಯಿಗಳ ಊರಿನ ಲಕ್ಷ್ಮೀಕಾಂತ ದೇವಸ್ಥಾನದಲ್ಲಿ, ಟಿಪ್ಪು ಕೊಟ್ಟ ಬೆಳ್ಳಿ ಬಟ್ಟಲು ತಟ್ಟೆಗಳ ದಾಖಲೆ ಇದೆ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ದೊಡ್ಡ ಜಗಳ ಇದೆ. ಆ ಜಗಳ ತರಗತಿಯ ಬಾಗಿಲಿನವರೆಗೂ ಬಂದು ನಿಲ್ಲುತ್ತದೆ ಎಂದು ನನಗೆ ಗೊತ್ತು. ನಾನೂ ಅದನ್ನು ಎದುರಿಸಿದವಳು. ಇಲ್ಲಿ ನಾನು ಕೇಳಿಕೊಳ್ಳುತ್ತಿರುವುದು ಅವನ ಬಗ್ಗೆ ತೀರ್ಪನ್ನಲ್ಲ. ಅವನ ಹೆಸರಿನ ಬಗ್ಗೆ ಒಂದು ಮಾತು, 'ಹಕೀಮ' ಎಂಬ ಪದದ ಬಗ್ಗೆ ಇನ್ನೊಂದು ಮಾತು ಮಕ್ಕಳಿಗೆ ಹೇಳಿ ಎಂದಷ್ಟೇ.

ಹೆಸರು: ಆರ್ಕಾಟಿನಲ್ಲಿ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ದರ್ಗಾ ಇದೆ. ಹೈದರಾಲಿಯ ಮಗನಿಗೆ ಇಟ್ಟದ್ದು ಆ ಸಂತರ ಹೆಸರು. ನಾವು ಮಾದಪ್ಪನಿಗೆ ನಡೆದುಕೊಂಡು ಹುಟ್ಟಿದ ಮಗನಿಗೆ ಮಾದಪ್ಪ ಎಂದೂ, ನಂಜುಂಡನಿಗೆ ಹರಕೆ ಹೊತ್ತು ಹುಟ್ಟಿದ ಮಗನಿಗೆ ನಂಜುಂಡ ಎಂದೂ ಇಡುತ್ತೇವಲ್ಲ, ಅದೇ ಪದ್ಧತಿ. ಉತ್ತರ ಕರ್ನಾಟಕದಲ್ಲಿ ಹಿಂದೂ ಮನೆಗಳಲ್ಲೇ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳಿರುವುದೂ ಹೀಗೆಯೇ.

ಪದ: ಹಕೀಮ ಎಂದರೆ ವೈದ್ಯ. ನಂಜು ಉಂಡವನು ಎಂದು ನಾವು ಕರೆದ ದೇವರನ್ನು ಇನ್ನೊಂದು ಭಾಷೆಯಲ್ಲಿ ಕರೆದರೆ ಹಾಗೆಯೇ ಆಗಬೇಕು. ಉರುಳು ಸೇವೆ, ಕಪಿಲೆಯ ಸ್ನಾನ, ಮುಡಿ, ಇವುಗಳಿಗಾಗಿ ಜನ ನಂಜನಗೂಡಿಗೆ ಬರುವುದು ವಾಸಿಯಾಗಲಿ ಎಂದು. ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಕಟ್ಟಿ, ನಂಜನಗೂಡು ಹಲ್ಲುಪುಡಿಯನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದು ಈ ಊರಿನಲ್ಲೇ. ರೋಗ ಮತ್ತು ವಾಸಿ ಈ ಊರಿನ ಹಳೆಯ ಕಸುಬು.

ಅದಕ್ಕೇ ನಾನು ಹೇಳುವುದು, ನಮ್ಮ ಗ್ಯಾಲರಿ ಸಂತರ ವಂಶಾವಳಿಯಿಂದ ಶುರುವಾಗಬಾರದು. ಚಿಶ್ತಿ, ಖಾದ್ರಿ, ಸುಹ್ರವರ್ದಿ ಎಂಬ ಪರಂಪರೆಗಳ ಪಟ್ಟಿ ಬೇಕು, ಇರಲಿ. ಅದು ಮೂರನೆಯ ಗೋಡೆಗೆ. ಮೊದಲ ಗೋಡೆಯಲ್ಲಿ ಜ್ವರ ಬಂದ ಒಂದು ಮಗು ಮತ್ತು ಅದನ್ನು ಎತ್ತಿಕೊಂಡು ಹೊರಟ ಹೆಂಗಸು ಇರಬೇಕು. ನಮ್ಮ ಕಡೆಯ ಜನ ಫಕೀರರ ಗೋರಿಯ ಹತ್ತಿರ ಹೋದದ್ದು ತತ್ತ್ವ ಕೇಳುವುದಕ್ಕಲ್ಲ. ಹೋಗುತ್ತ ಹೋಗುತ್ತ ಒಂದಿಷ್ಟು ತತ್ತ್ವವೂ ಕಿವಿಗೆ ಬಿದ್ದಿರಬಹುದು.

ನನ್ನ ತಮ್ಮನಿಗೆ ಎರಡು ವರ್ಷವಾಗಿದ್ದಾಗ ರಾತ್ರಿ ಬೆಚ್ಚಿಬಿದ್ದು ಅಳುವ ಕಾಟ ಶುರುವಾಯಿತು. ಒಂದು ತಿಂಗಳು ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಪೇಟೆಯ ಡಾಕ್ಟರು ಕೊಟ್ಟ ಔಷಧಿಯನ್ನೂ ಹಾಕಿದರು, ನಂಜುಂಡನಿಗೆ ಅಭಿಷೇಕವನ್ನೂ ಮಾಡಿಸಿದರು. ಆಮೇಲೊಂದು ಗುರುವಾರ ಸಂಜೆ ಅಜ್ಜಿ ಅವನನ್ನು ಸೊಂಟಕ್ಕೆ ಹಾಕಿಕೊಂಡು, ಕಾಲು ಸೇರು ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿಸಿ ನನ್ನ ಕೈಗೆ ಕೊಟ್ಟು ಹೊರಟಳು. ಊರಾಚೆ ಹುಣಸೆಮರದ ಕೆಳಗೆ ಸುಣ್ಣ ಬಳಿದ ಒಂದು ಗೋರಿ, ಮೇಲೊಂದು ಹಸಿರು ಬಾವುಟ. ಗೋರಿಯಲ್ಲಿರುವವರ ಹೆಸರು ಅಜ್ಜಿಗೂ ಗೊತ್ತಿರಲಿಲ್ಲ, 'ಅಯ್ಯ' ಎನ್ನುತ್ತಿದ್ದಳು. ನೋಡಿಕೊಳ್ಳುತ್ತಿದ್ದ ಮುಜಾವರರು ಹಗಲು ಹೊತ್ತು ರೇಷ್ಮೆ ಬಿಚ್ಚುವ ಕೆಲಸಕ್ಕೆ ಹೋಗಿ ಬರುತ್ತಿದ್ದವರು. ಕೈಯಲ್ಲಿ ಇನ್ನೂ ಗೂಡು ಬೇಯಿಸಿದ ನೀರಿನ ವಾಸನೆ. ಅಜ್ಜಿಯನ್ನು ಅವರು "ಬಾರಕ್ಕಯ್ಯ" ಎಂದು ಕರೆದದ್ದು ನೆನಪಿದೆ. ಸಕ್ಕರೆ ಓದಿಸಿದರು. ನವಿಲುಗರಿಯ ಕಟ್ಟಿನಿಂದ ತಮ್ಮನ ನೆತ್ತಿಯಿಂದ ಪಾದದವರೆಗೆ ಮೂರು ಸಲ ಇಳಿ ತೆಗೆದರು. ತಾಮ್ರದ ತಗಡಿನ ತಾಯಿತವೊಂದನ್ನು ಕರಿದಾರದಲ್ಲಿ ಕಟ್ಟಿದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಡಹೋದ ಕಾಸನ್ನು ಅವರು ಕೈಗೆ ತೆಗೆದುಕೊಳ್ಳದೆ ಗೋರಿಯ ಮೇಲಿಡಲು ಹೇಳಿದರು.

ದಾರಿಯಲ್ಲಿ ಬರುತ್ತ ನಾನು ಕೇಳಿದೆ: "ಅಜ್ಜಿ, ನಂಜುಂಡ ಬೇಜಾರು ಮಾಡ್ಕಳಲ್ವಾ?" ಅಜ್ಜಿ ನಿಂತು ನನ್ನ ಮುಖ ನೋಡಿದಳು. "ಕೂಸು ನಿದ್ದೆ ಮಾಡುದ್ರೆ ಆ ಸ್ವಾಮಿಗೂ ಸಂತೋಸ್ವೇ ಕನವ್ವ," ಎಂದಳು.

ಇಲ್ಲಿ ಪವಾಡ ನಡೆಯಿತೆಂದು ನಾನು ಹೇಳುತ್ತಿಲ್ಲ. ಮಗು ಬೆಳೆಯುತ್ತ ಅಳು ನಿಂತಿರಬಹುದು. ಮಕ್ಕಳಿಗೂ ಕಾಯಿಲೆಗೆ ಆಸ್ಪತ್ರೆಗೆ ಹೋಗಬೇಕೆಂದೇ ಹೇಳಿಕೊಡಿ. ಆದರೆ ಆ ಸಂಜೆಯ ಹದಿನೈದು ನಿಮಿಷದಲ್ಲಿ ನಡೆದದ್ದೆಲ್ಲ ನಮ್ಮ ಎರಡು ತಾಲ್ಲೂಕುಗಳ ಚರಿತ್ರೆ. ಅದು ಎಲ್ಲಿಯೂ ದಾಖಲಾಗಿಲ್ಲ.

ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಮ್ಮ ಎರಡೂ ತಾಲ್ಲೂಕುಗಳ ಶಾಸನಗಳಿವೆ. ನಾನು ಅದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಗಂಗರ ದಾನ, ಹೊಯ್ಸಳರ ದಾನ, ಕೆರೆ, ಗದ್ದೆ, ವೀರಗಲ್ಲು, ಬಸದಿ, ದೇಗುಲ. ಕಲ್ಲಿನ ಮೇಲೆ ಬರೆಸಿಕೊಳ್ಳುವ ಶಕ್ತಿ ಇದ್ದವರ ಮಾತು ಸಾವಿರ ವರ್ಷ ಉಳಿದಿದೆ. ಹುಣಸೆಮರದ ಕೆಳಗೆ ಮಲಗಿದ ಫಕೀರ ದಾನ ಕೊಟ್ಟವನಲ್ಲ, ಕಲ್ಲು ನೆಡಿಸಿದವನಲ್ಲ. ಅವನನ್ನು ಉಳಿಸಿರುವುದು ಗುರುವಾರಗಳು. ಗುರುವಾರ ಸಂಜೆ ಹೋಗುವವರು ನಿಂತರೆ ಅವನ ಕತೆಯೂ ನಿಲ್ಲುತ್ತದೆ.

ಮ್ಯೂಸಿಯಮ್ಮು ಎಂದರೆ ನೆಲದಿಂದ ತೆಗೆದದ್ದನ್ನು ಗಾಜಿನೊಳಗೆ ಇಡುವುದು ಎಂಬ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ನರಸೀಪುರದವರಿಗೆ ಇದು ಚೆನ್ನಾಗಿ ಗೊತ್ತು. ಕಾವೇರಿ ಕಪಿಲೆಯ ಕೂಡಲಿನಲ್ಲಿ 1959ರಿಂದ ಮೊದಲಾಗಿ ಕೆಲವು ವರ್ಷ ಉತ್ಖನನ ನಡೆದು, ಡಾ. ಎಂ. ಶೇಷಾದ್ರಿಯವರ ಮೇಲ್ವಿಚಾರಣೆಯಲ್ಲಿ ನವಶಿಲಾಯುಗದ ನೆಲೆ ಬೆಳಕಿಗೆ ಬಂತು. ಸುಟ್ಟ ಮಣ್ಣಿನಲ್ಲಿ ಮಾಡಿದ ತಲೆಯೊರಗು ಅಲ್ಲಿ ಸಿಕ್ಕ ವಸ್ತುಗಳಲ್ಲಿ ಒಂದು. ಸಾವಿರಾರು ವರ್ಷದ ಹಿಂದೆ ಯಾರೋ ತಲೆಯಿಟ್ಟು ಮಲಗಿದ ಒರಗು ಅದು ಎಂದು ಯೋಚಿಸಿದರೆ ಮೈ ನವಿರೇಳುತ್ತದೆ. ಅದನ್ನು ಎತ್ತಿಕೊಂಡು ಹೋಗಿ ಜೋಪಾನ ಮಾಡಿದ್ದು ಸರಿ. ಮಲಗಿದವರು ಇವತ್ತು ಬಂದು ಕೇಳುವುದಿಲ್ಲ. ದರ್ಗಾದ ಚಾದರ ಹಾಗಲ್ಲ. ನವಿಲುಗರಿ ಕಟ್ಟು ಹಾಗಲ್ಲ. ಅವನ್ನು ನಾಳೆ ಗುರುವಾರ ಯಾರೋ ಕೇಳುತ್ತಾರೆ.

ತುರ್ಕಿಯ ಕೊನ್ಯಾದಲ್ಲಿ ಮೌಲಾನಾ ರೂಮಿಯವರ ಸಮಾಧಿಯಿದೆ. 1925ರಲ್ಲಿ ಅಲ್ಲಿನ ಹೊಸ ಸರ್ಕಾರ ದರ್ವೇಶಿಗಳ ಮಠಗಳನ್ನೆಲ್ಲ ಕಾನೂನು ಮಾಡಿ ಮುಚ್ಚಿತು. ಬಳಿಕ ರೂಮಿಯವರ ಮಠವನ್ನು ವಸ್ತು ಸಂಗ್ರಹಾಲಯವಾಗಿ ತೆರೆದರು. ಜನ ಇವತ್ತಿಗೂ ಬರುತ್ತಾರೆ, ಪ್ರದರ್ಶನದ ವಸ್ತುಗಳ ನಡುವೆ ನಿಂತು ಕೈಯೆತ್ತಿ ಬೇಡಿಕೊಳ್ಳುತ್ತಾರೆ. ಸುಂದರವಾದ ಜಾಗವಂತೆ, ಹೋಗಿ ಬಂದವರು ಹೇಳುತ್ತಾರೆ. ಆದರೆ ಮುಜಾವರ ಕೂರುವ ಜಾಗದಲ್ಲಿ ಕಾವಲುಗಾರ ನಿಂತಿರುವ ಚಿತ್ರ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ನಮ್ಮಲ್ಲಿ ಅಂಥದ್ದು ಆಗಬಾರದು. ದರ್ಗಾ ದರ್ಗಾವಾಗಿಯೇ ಇರಲಿ; ಗ್ಯಾಲರಿ ಬೇರೆ ಕಡೆ ಇದ್ದು, ದರ್ಗಾಕ್ಕೆ ಹೋಗುವ ದಾರಿ ತೋರಿಸಲಿ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಾನು ಕೆಲಸದಲ್ಲಿದ್ದಾಗ ಆ ಹಳೆಯ ಮುಜಾವರರ ಮಗ ಒಂದು ನೋಟುಬುಕ್ಕನ್ನು ನನಗೆ ತೋರಿಸಿದ್ದರು. ಅವರ ತಂದೆ ಉರ್ದುವಿನಲ್ಲಿ ಬರೆದಿಟ್ಟದ್ದು: ಯಾವ ವರ್ಷ ಯಾರು ಗಂಧ ಹೊತ್ತರು, ಯಾರ ಮನೆಯಿಂದ ಎಷ್ಟು ಅಕ್ಕಿ ಬಂತು, ಬಾಬಯ್ಯನ ಹಬ್ಬದಲ್ಲಿ (ಮೊಹರಂನಲ್ಲಿ) ಕೆಂಡ ಹಾಯ್ದವರು ಯಾರು. ಗೌಡರ ಮನೆ, ಕುರುಬರ ಮನೆ, ಹೊಲೆಯರ ಕೇರಿ, ಎಲ್ಲರ ಹೆಸರೂ ಇದ್ದವು. ನನಗೆ ಉರ್ದು ಓದಲು ಬರುವುದಿಲ್ಲ. ಅವರು ಬೆರಳಿಟ್ಟು ಓದಿ ಹೇಳಿದರು. ಆಮೇಲೆ ಸಂಶೋಧನೆ ಎಂದು ಹೇಳಿಕೊಂಡು ಒಬ್ಬರು ಬಂದು, ಜೆರಾಕ್ಸ್ ಮಾಡಿಸಿ ಕೊಡುತ್ತೇನೆಂದು ಅದನ್ನು ತೆಗೆದುಕೊಂಡು ಹೋದರು. ವಾಪಸು ಬರಲಿಲ್ಲ. ಮುಜಾವರರ ಮಗ ಎರಡು ಸಲ ಹೋಗಿ ಕೇಳಿದರಂತೆ, ಮೂರನೆಯ ಸಲ ಹೋಗುವುದಕ್ಕೆ ಬಸ್ ಚಾರ್ಜು ದಂಡ ಎಂದು ಸುಮ್ಮನಾದರು. ನನ್ನ ಕೈಗೆ ಬಂದಿದ್ದ ದಿನ ನಾನಾದರೂ ಕೂತು ಕನ್ನಡದಲ್ಲಿ ಬರೆದುಕೊಂಡಿದ್ದರೆ ಎಂದು ಇವತ್ತಿಗೂ ಕೊರಗುತ್ತೇನೆ. ವಸ್ತು ಕೇಳಬೇಡಿ, ಮಾತು ಕೇಳಿ ಎಂದು ನಿಮಗೆ ಹೇಳುವ ಹಕ್ಕು ನನಗೆ ಬಂದಿರುವುದು ಆ ನೋಟುಬುಕ್ಕಿನಿಂದ.

ಇನ್ನು ಗ್ಯಾಲರಿಯೊಳಗೆ ಏನಿರಬೇಕು? ಹಸಿರು ಬಟ್ಟೆ ಹೊದಿಸಿದ ನಕಲಿ ಗೋರಿ ಖಂಡಿತ ಬೇಡ. ನನ್ನನ್ನು ಕೇಳಿದರೆ ಮೊದಲು ಒಂದು ಬೀಸೋಕಲ್ಲು ಇಡಬೇಕು. ಬಿಜಾಪುರದ ಕಡೆಯ ಸೂಫಿ ಪರಂಪರೆಯಲ್ಲಿ ದಖನಿ ಭಾಷೆಯ 'ಚಕ್ಕಿನಾಮಾ' ಎಂಬ ಹಾಡುಗಳಿದ್ದವು. ಹೆಂಗಸರು ಹಿಟ್ಟು ಬೀಸುತ್ತ ಹಾಡಿಕೊಳ್ಳಲಿ ಎಂದು ಕಟ್ಟಿದವು. ಕಲ್ಲಿನ ಹಿಡಿಯನ್ನು ಅರಬ್ಬಿಯ ಮೊದಲ ಅಕ್ಷರ ಅಲಿಫ್‌ಗೆ ಹೋಲಿಸುವಂಥ ಕಲ್ಪನೆಗಳು ಅವುಗಳಲ್ಲಿ ಬರುತ್ತವೆ. ಹೆಂಗಸರಿಗೆ ಧರ್ಮ ತಲುಪಿದ್ದು ಹೀಗೆ ಅಡುಗೆಮನೆಯ ಮೂಲಕ ಎಂದು ಈಟನ್ ವಿವರಿಸುತ್ತಾರೆ. ಅದೇ ಕಲ್ಲಿನ ಮುಂದೆ ಕೂತು ನಮ್ಮಜ್ಜಿಯರು ರಾಗಿ ಬೀಸುತ್ತ ನಂಜುಂಡನ ಮೇಲೆ, ಮಾದಪ್ಪನ ಮೇಲೆ, ಮಂಟೇದಯ್ಯನ ಮೇಲೆ ಹಾಡಿದರು. ಒಂದು ಕಲ್ಲು, ಎರಡು ಭಾಷೆ. ಮಗುವೊಂದು ಆ ಹಿಡಿಯನ್ನು ಹಿಡಿದು ತಿರುಗಿಸಿ ನೋಡುವ ಹಾಗಿರಬೇಕು, ಮುಟ್ಟಬಾರದು ಎಂಬ ಚೀಟಿ ಅಂಟಿಸಬಾರದು.

ಅದರ ಪಕ್ಕದಲ್ಲಿ ಭಿಕ್ಷೆಯ ಪಾತ್ರೆಗಳು. ಫಕೀರರ 'ಕಶ್ಕೋಲ್' ಎಂಬ ಪಾತ್ರೆಯನ್ನು ಸೇಷೆಲ್ಸ್ ದ್ವೀಪದಲ್ಲಿ ಬೆಳೆದು ಸಮುದ್ರದಲ್ಲಿ ತೇಲಿ ಬರುತ್ತಿದ್ದ ದೊಡ್ಡ ಜೋಡಿ ತೆಂಗಿನ ಕರಟದಿಂದ ಮಾಡುತ್ತಿದ್ದರು. ಅದರ ಜೊತೆಗೆ ಜಂಗಮರ ಜೋಳಿಗೆ, ದೇವರಗುಡ್ಡರ ಕಂಸಾಳೆ, ನೀಲಗಾರರ ತಂಬೂರಿ ಮತ್ತು ಗಗ್ಗರ. ಗೋರಿ, ಗದ್ದುಗೆ ಎಂಬ ಎರಡು ಪದಗಳನ್ನು ಎದುರುಬದುರು ಬರೆದಿಡಬೇಕು. ನಮ್ಮ ಸೀಮೆಯ ಜನ ಸಂತನ ಸಮಾಧಿಯ ಮುಂದೆ ತಲೆಬಾಗುವುದನ್ನು ದರ್ಗಾದಿಂದಷ್ಟೇ ಕಲಿತವರಲ್ಲ. ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆ, ಸುತ್ತೂರಿನಲ್ಲಿ ಆದಿ ಜಗದ್ಗುರುಗಳ ಗದ್ದುಗೆ, ದೇವನೂರಿನಲ್ಲಿ ಗುರುಮಲ್ಲೇಶ್ವರರ ನೆನಪಿನ ದಾಸೋಹ. ಈ ಅಭ್ಯಾಸವಿದ್ದ ಜನಕ್ಕೆ ಫಕೀರನ ಗೋರಿ ಪರಕೀಯವಾಗಿ ಕಾಣಲೇ ಇಲ್ಲ.

ಆಮೇಲೊಂದು ಗೋಡೆಯ ತುಂಬ ರಸ್ತೆಯ ನಕ್ಷೆ. ರಾಷ್ಟ್ರೀಯ ಹೆದ್ದಾರಿ 766 ಕೋಳಿಕೋಡಿನಿಂದ ಹೊರಟು ಗುಂಡ್ಲುಪೇಟೆ ಮೇಲೆ ನಂಜನಗೂಡಿಗೆ ಬಂದು, ಮೈಸೂರು ಹಾದು, ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ನಮ್ಮ ಎರಡೂ ಊರುಗಳು ಒಂದೇ ದಾರಕ್ಕೆ ಪೋಣಿಸಿದ ಮಣಿಗಳು. ಆ ದಾರಿಯಲ್ಲಿ ಕೊಳ್ಳೇಗಾಲದಿಂದ ಮುಂದಕ್ಕೆ ಹೋದರೆ ಶಿವನಸಮುದ್ರದ ನಡುಗಡ್ಡೆ. ಗಗನಚುಕ್ಕಿಯ ಮಗ್ಗುಲಲ್ಲೇ ಹಜರತ್ ಮರ್ದಾನೆ ಗೈಬ್ ದರ್ಗಾ. ಕಾವೇರಿ ಧುಮುಕುವ ಸದ್ದಿನಲ್ಲಿ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಮರ್ದಾನೆ ಗೈಬ್ ಎಂದರೆ ಪಾರಸಿಯಲ್ಲಿ 'ಕಣ್ಣಿಗೆ ಕಾಣದ ಪುರುಷರು'. ಲೋಕವನ್ನು ಮರೆಯಲ್ಲಿದ್ದು ಕಾಯುವ ಕೆಲವು ಸತ್ಪುರುಷರಿದ್ದಾರೆ ಎಂಬುದು ಸೂಫಿಗಳ ಹಳೆಯ ನಂಬಿಕೆ. ಆ ದೂರದ ನಂಬಿಕೆ ನಮ್ಮ ಕಾವೇರಿಯ ಬಂಡೆಯ ಮೇಲೆ ಬಂದು ಕೂತಿದೆ. ಅದೇ ನಡುಗಡ್ಡೆಯಲ್ಲಿ ರಂಗನಾಥನೂ ಇದ್ದಾನೆ, ಸೋಮೇಶ್ವರನೂ ಇದ್ದಾನೆ. ನಾನು ಚಿಕ್ಕವಳಿದ್ದಾಗ ನರಸೀಪುರದ ಬಸ್ ನಿಲ್ದಾಣದಲ್ಲಿ, ತಲೆಯ ಮೇಲೆ ಅಡುಗೆ ಪಾತ್ರೆ, ಕೈಯಲ್ಲಿ ಕೋಳಿ ಹಿಡಿದು ಕೊಳ್ಳೇಗಾಲದ ಬಸ್ಸಿಗೆ ಕಾಯುವ ಗುಂಪುಗಳನ್ನು ನೋಡಿ, ಇವರು ಮಾದಪ್ಪನ ಬೆಟ್ಟಕ್ಕೋ ಮರ್ದಾನೆ ಗೈಬಿಗೋ ಎಂದು ಊಹಿಸುವುದು ನಮಗೊಂದು ಆಟವಾಗಿತ್ತು. ಎಷ್ಟೋ ಸಲ ಊಹೆ ತಪ್ಪುತ್ತಿತ್ತು.

1989ರಿಂದ ನರಸೀಪುರದ ಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. ಕಾವೇರಿ ಕಣ್ಣಿಗೆ ಕಾಣುತ್ತದೆ, ಕಪಿಲೆ ಕಾಣುತ್ತದೆ. ಮೂರನೆಯದಾದ ಸ್ಫಟಿಕ ಸರೋವರ ಕಾಣುವುದಿಲ್ಲ, ಇದೆ ಎಂದು ನಂಬಿ ಮುಳುಗುತ್ತೇವೆ. ಕಾಣದ ನದಿಯನ್ನು ನಂಬಿದ ಊರಿನ ಮಕ್ಕಳಿಗೆ ಕಾಣದ ಪುರುಷರ ಕತೆ ಹೇಳಿದರೆ ಅವು ತಟ್ಟನೆ ಹಿಡಿದುಕೊಳ್ಳುತ್ತವೆ. ನಾನು ಹೇಳಿ ನೋಡಿದ್ದೇನೆ.

ಎಲ್ಲವೂ ಹೀಗೆ ಸೊಗಸಾಗಿ ಹೊಂದಿಕೊಂಡಿತ್ತು ಎಂದು ತೋರಿಸಿದರೆ ಗ್ಯಾಲರಿ ಸುಳ್ಳು ಹೇಳಿದಂತೆ. ಬಾಬಾಬುಡನ್‌ಗಿರಿಯಲ್ಲಿ ದಾದಾ ಹಯಾತ್ ಮೀರ್ ಖಲಂದರರ ಗುಹೆಗೂ ದತ್ತಾತ್ರೇಯ ಪೀಠಕ್ಕೂ ಒಂದೇ ಬಾಗಿಲು. ಅದು ದಶಕಗಳಿಂದ ನ್ಯಾಯಾಲಯದ ಮೆಟ್ಟಿಲಿನ ಮೇಲಿದೆ. ಇತ್ತ ಗೋರಿಗೆ ನಡೆದುಕೊಳ್ಳುವುದು ಇಸ್ಲಾಮಿಗೆ ಒಪ್ಪಿತವಲ್ಲ ಎನ್ನುವ ಮುಸ್ಲಿಮರಿದ್ದಾರೆ. ಅವರ ಮಾತಿಗೂ ಶಾಸ್ತ್ರದ ಆಧಾರವಿದೆ ಎಂದು ಅವರು ತಿಳಿದಿದ್ದಾರೆ, ಅದನ್ನೂ ಕೇಳಿಸಿಕೊಳ್ಳಬೇಕು. ಹಿಂದೂ ಮನೆಗಳಲ್ಲೂ 'ಇನ್ನು ಮೇಲೆ ಅಲ್ಲಿಗೆ ಹೋಗಬೇಡಿ' ಎಂಬ ಮಾತು ಈಗ ಹೆಚ್ಚಾಗಿದೆ. ಈ ಮೂರನ್ನೂ ಗೋಡೆಯ ಮೇಲೆ ಬರೆಯಬೇಕು. ಅದರ ಪಕ್ಕದಲ್ಲೇ, ಬೆಂಗಳೂರಿನ ಕರಗ ಚೈತ್ರ ಹುಣ್ಣಿಮೆಯ ರಾತ್ರಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ನಿಲ್ಲುವುದನ್ನೂ ಬರೆಯಬೇಕು. ಬೀದರಿನ ಅಷ್ಟೂರಿನಲ್ಲಿ ಬಹಮನಿ ಅಹಮದ್‌ಶಾಹನನ್ನು ಒಂದು ಕಡೆಯವರು ವಲಿ ಎಂದೂ ಇನ್ನೊಂದು ಕಡೆಯವರು ಅಲ್ಲಮಪ್ರಭು ಎಂದೂ ಕರೆದು, ಹಿಂದೂ ಪಂಚಾಂಗದ ತಿಥಿಗೆ ಉರುಸು ನಡೆಸಿ, ಜಂಗಮರೊಬ್ಬರು ಅದರ ಮುಂದಾಳತ್ವ ವಹಿಸುವುದನ್ನೂ ಬರೆಯಬೇಕು. ಜಗಳವೂ ಇದೆ, ಇದೂ ಇದೆ. ಹದಿನಾಲ್ಕು ವರ್ಷದ ಮಗು ಎರಡನ್ನೂ ತಿಳಿದುಕೊಳ್ಳಬಲ್ಲದು; ನಾವು ದೊಡ್ಡವರು ಹೆದರಿ ಒಂದನ್ನು ಮುಚ್ಚಿಡುತ್ತೇವೆ.

ಈಗ ನಿಮ್ಮಿಂದ ಆಗಬೇಕಾದ ಕೆಲಸದ ಮಾತು. ಮಕ್ಕಳಿಗೆ ಯೋಜನೆ, ಚಟುವಟಿಕೆ ಎಂದು ಏನೇನೋ ಕೊಡುತ್ತೀರಿ. ಥರ್ಮಾಕೋಲಿನ ಗೋಳಗುಮ್ಮಟ ಸಾಕು. ಈ ವರ್ಷ ಎಂಟನೆಯ ತರಗತಿಯವರಿಗೆ ಒಂದೇ ಒಂದು ಪ್ರಶ್ನೆ ಕೊಟ್ಟು ಮನೆಗೆ ಕಳಿಸಿ: "ನಮ್ಮ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಮೊದಲೆಲ್ಲ ಎಲ್ಲೆಲ್ಲಿಗೆ ಹೋಗುತ್ತಿದ್ದರು?" ದರ್ಗಾ ಎಂಬ ಪದವನ್ನು ನೀವಾಗಿ ಎತ್ತಬೇಡಿ. ನೀವು ಎತ್ತಿದರೆ ಮನೆಯವರು ಹಿಂಜರಿಯುತ್ತಾರೆ, ಇಲ್ಲವೇ ನಿಮಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ಅದಾಗಿ ಬಂದರೆ ಬರಲಿ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲೇ ಬರೆಯಲು ಹೇಳಿ, 'ಶುದ್ಧ ಕನ್ನಡ'ಕ್ಕೆ ತಿದ್ದಬೇಡಿ. ಮುಸ್ಲಿಂ ಮನೆಯ ಮಗು ದಖನಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದರೆ, ದಖನಿಯ ಪದಗಳನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಉಳಿಸಿ. ಒಂದೇ ಗೋರಿಗೆ ಮೂರು ಮನೆಯಿಂದ ಮೂರು ಕತೆ ಬಂದರೆ ಮೂರನ್ನೂ ಇಟ್ಟುಕೊಳ್ಳಿ, ಯಾವುದು ನಿಜ ಎಂದು ತೀರ್ಮಾನಿಸಲು ಹೋಗಬೇಡಿ. ಹರಕೆ ಹೊತ್ತ ಮನೆಯವರ ಹೆಸರು, ಕಾಯಿಲೆಯ ವಿವರ ಹೊರಗೆ ಹೋಗಬಾರದು. ಮೊಬೈಲಿನಲ್ಲಿ ವಿಡಿಯೊ ಮಾಡಿ ಹರಿಬಿಡುವುದು ಸರ್ವಥಾ ಬೇಡ. ಒಂದು ಅಜ್ಜಿಯ ಮಾತನ್ನು ಕತ್ತರಿಸಿ ಅಂಟಿಸಿ ಊರಿಗೆ ಬೆಂಕಿ ಹಚ್ಚುವ ಕಾಲ ಇದು. ಗೋರಿಯ ಹತ್ತಿರ ಹೋಗುವುದಾದರೆ ಮುಜಾವರರನ್ನು ಕೇಳಿ, ಅವರು ಬನ್ನಿ ಎಂದ ಹೊತ್ತಿಗೆ ಹೋಗಿ. ಏನನ್ನೂ ತರಬೇಡಿ. ಅವರಲ್ಲಿ ಹಳೆಯ ಬರಹವೇನಾದರೂ ಇದ್ದರೆ ಅವರ ಕಣ್ಣೆದುರೇ ಫೋಟೊ ತೆಗೆದು, ಅವರ ಕೈಗೇ ಕೊಟ್ಟು ಬನ್ನಿ.

ಒಂದು ಶಾಲೆಯಿಂದ ನಲವತ್ತು ಪುಟ ಬಂದರೂ ಸಾಕು. ಎರಡು ತಾಲ್ಲೂಕಿನ ಶಾಲೆಗಳ ನೋಟುಬುಕ್ಕುಗಳು ಒಟ್ಟಿಗೆ ಸೇರಿದ ದಿನ, ಒಂದು ಕೋಣೆ ಕೊಡಿ ಎಂದು ಕೇಳಲು ನಮಗೆ ಮುಖವಿರುತ್ತದೆ. ಬರಿಗೈಯಲ್ಲಿ ಹೋಗಿ ಕೇಳಿದರೆ ಸರ್ಕಾರದವರು ಥರ್ಮಾಕೋಲಿನ ಗೋರಿಯನ್ನೇ ಮಾಡಿಕೊಡುತ್ತಾರೆ.

ನನ್ನ ತಮ್ಮನ ಆ ತಾಮ್ರದ ತಾಯಿತ ಈಗ ನನ್ನ ಹತ್ತಿರ ಇದೆ. ಕರಿದಾರ ಹಣ್ಣಾಗಿ ಉದುರಿದೆ, ತಗಡು ಹಸಿರುಗಟ್ಟಿದೆ. ಅದನ್ನು ನಾನು ಯಾವ ಗ್ಯಾಲರಿಗೂ ಕೊಡುವುದಿಲ್ಲ. ಅವನ ಮಗಳಿಗೆ ಕೊಡುತ್ತೇನೆ. ಅದರ ಕತೆಯನ್ನು ಮಾತ್ರ ಎರಡು ಪುಟಕ್ಕೆ ಬರೆದು ಮುಗಿಸಿದ್ದೇನೆ. ನಿಮ್ಮಲ್ಲಿ ಯಾರ ಶಾಲೆಯಲ್ಲಿ ಮೊದಲು ನೋಟುಬುಕ್ಕು ತೆರೆಯುತ್ತದೋ ಅಲ್ಲಿಗೆ ಬಂದು, ಮಕ್ಕಳ ಮುಂದೆ ಓದಿ, ಮೊದಲ ಎರಡು ಹಾಳೆಯಾಗಿ ಕೊಟ್ಟು ಹೋಗುತ್ತೇನೆ. ಮಳೆಗಾಲಕ್ಕೆ ಮುಂಚೆ ಶುರು ಮಾಡಿ. ನಮ್ಮ ಊರಿನಲ್ಲಿ ಆ ಹುಣಸೆಮರದ ಕೆಳಗಿನ ಅಯ್ಯನ ಕತೆ ಪೂರ್ತಿ ಗೊತ್ತಿರುವವರು ಈಗ ಇಬ್ಬರೇ ಇದ್ದಾರೆ, ಅವರಲ್ಲಿ ಒಬ್ಬರಿಗೆ ಕಿವಿ ಕೇಳಿಸುತ್ತಿಲ್ಲ.

ಇಂತಿ ನಿಮ್ಮ,
ನಿವೃತ್ತ ಶಿಕ್ಷಕಿ
ಮೈಸೂರು